ಪೀಣ್ಯದಲ್ಲಿ ಕೊಲೋಸಿಯಂ ಜೀರ್ಣೋದ್ಧಾರ

ರೋಮ್ ನಗರದ ವಿಷಯದಲ್ಲಿ ನಾನು ಅಧಿಕಾರವಾಣಿಯಿಂದ ಮಾತನಾಡಬಲ್ಲೆ. ಅಲ್ಲಿಗೆ ಹೋಗಿಲ್ಲ, ನಿಜ. ಹೋಗಿಬಂದವರು ಬಿಸಿಲು, ನೂಕುನುಗ್ಗಲು, ಜೇಬುಗಳ್ಳರು ಎಂದು ಏನೇನೋ ದೂರುತ್ತಾರೆ. ನನ್ನ ರೋಮ್‌ನಲ್ಲಿ ಅವು ಯಾವುವೂ ಇಲ್ಲ. ಏಕೆಂದರೆ ನಾನು ಅದನ್ನು ನೋಡಿದ್ದು ಪೋಸ್ಟರಿನಲ್ಲಿ!

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಜೀವಮಾನವೆಲ್ಲ ಗೆರೆ ಎಳೆದವನು ನಾನು. ನಿವೃತ್ತಿಗೆ ಸ್ವಲ್ಪ ಮೊದಲು, ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದ ಹಿರಿಯ ಅಧಿಕಾರಿಯೊಬ್ಬರ ಮನೆ ಮುಂದೆ, ಹಳೇ ಪೇಪರ್‌ನವನ ತಕ್ಕಡಿಯ ಮೇಲೆ ಒಂದು ಕಾಗದದ ಸುರುಳಿ ಮಲಗಿತ್ತು. ಬಿಡಿಸಿದೆ. ಇಟಲಿಯ ಪ್ರವಾಸೋದ್ಯಮದವರು ಯಾವ ಕಾಲದಲ್ಲೋ ಅಚ್ಚು ಹಾಕಿಸಿದ್ದ ಜಾಹೀರಾತು. ಹಣ್ಣಾದ ಪಪ್ಪಾಯಿಯ ಬಣ್ಣದ ಆಕಾಶ. ಅದರ ಕೆಳಗೆ ಕೊಲೋಸಿಯಂ: ಸಾಲು ಸಾಲು ಖಾಲಿ ಕಮಾನುಗಳ, ಒಂದು ಪಕ್ಕ ಕುಸಿದ ಪುರಾತನ ಬಯಲು ರಂಗಮಂದಿರ. ಕಲ್ಲಿಗೆ ಎರಡೇ ಬಣ್ಣ: ಬಿಸಿಲು ಬಿದ್ದ ಕಡೆ ಬೆಣ್ಣೆ, ನೆರಳಿನ ಕಡೆ ನೇರಳೆ. ಮೂಲೆಯಲ್ಲಿ ಕೊಡೆ ಬಿಚ್ಚಿದಂಥ ಒಂದು ಮರ. ಒಂದು ಕರೆಂಟ್ ಕಂಬವಿಲ್ಲ, ಒಂದು ತಂತಿಯಿಲ್ಲ. ಗೆರೆ ಎಳೆಯುವುದು ಕೆಲಸ, ಯಾವ ಗೆರೆ ಎಳೆಯಬಾರದು ಎಂದು ತಿಳಿಯುವುದು ವಿದ್ಯೆ. ಆ ಅನಾಮಧೇಯ ಚಿತ್ರಕಾರನಿಗೆ ತಕ್ಕಡಿಯ ಮುಂದೆಯೇ ಮನಸ್ಸಿನಲ್ಲಿ ಕೈ ಮುಗಿದು, ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

"ಬೇರೆಯವ್ರು ಹಾಲ್‌ನಲ್ಲಿ ಜಲಪಾತ ಹಾಕ್ಕೋತಾರೆ, ಸೂರ್ಯೋದಯ ಹಾಕ್ಕೋತಾರೆ. ನೀವು ಬಿದ್ದೋದ ಕಟ್ಟಡ ತಂದಿದ್ದೀರಲ್ರೀ!" ಎಂದಳು ನನ್ನ ಹೆಂಡತಿ ವಿಮಲಾ.

"ಬಿದ್ದದ್ದಲ್ಲ ಇದು, ಉಳಿದದ್ದು. ಎರಡು ಸಾವಿರ ವರ್ಷದಿಂದ!"

"ಭಿನ್ನವಾಗಿರೋದನ್ನ ಮನೇಲಿ ಎದುರಿಗೆ ಇಡಬಾರದು ಅಂತಾರೆ. ಉಳಿದದ್ದು ಬೀರು ಹಿಂದೆ ಉಳೀಲಿ."

ಹೀಗೆ ರೋಮ್ ಸಾಮ್ರಾಜ್ಯ ನಮ್ಮ ಬೀರುವಿನ ಹಿಂದೆ ಅಜ್ಞಾತವಾಸ ಮಾಡಿತು. ನಾನು ಆಗಾಗ ಅದನ್ನು ಹೊರಗೆ ತೆಗೆದು, ನೋಡಿ, ನಿಟ್ಟುಸಿರುಬಿಟ್ಟು ಒಳಗಿಡುತ್ತಿದ್ದೆ.

ನಿವೃತ್ತಿಯ ನಂತರ ಪೀಣ್ಯದಲ್ಲಿ ಪುಟ್ಟಸ್ವಾಮಯ್ಯನವರ ಗೇರ್ ತಯಾರಿಸುವ ಪುಟ್ಟ ಕಾರ್ಖಾನೆಯಲ್ಲಿ ಮ್ಯಾನೇಜರ್ ಎಂಬ ಹೆಸರಿನ ಕುರ್ಚಿಯಲ್ಲಿ ಕೂತೆ. ಒಂದು ದಿನ ಅವರು ಏದುಸಿರು ಬಿಡುತ್ತಾ ಬಂದರು.

"ಸ್ವಾಮೀ, ಇಟಲಿಯಿಂದ ಪಾರ್ಟಿ ಬರ್ತಾ ಇದೆ! ನಮ್ಮ ಶಾಪ್ ನೋಡಿ ಒಪ್ಪಿದ್ರೆ ವರ್ಷಪೂರ್ತಿ ಕೆಲಸ. ಒಪ್ಪದಿದ್ರೆ ಎರಡನೇ ಶಿಫ್ಟ್‌ನೋರನ್ನ ಮನೆಗೆ ಕಳಿಸ್ಬೇಕಾಗುತ್ತೆ. ಪೇಟ, ಶಾಲು, ಹಾರ ರೆಡಿ. ಗೇಟಿಗೊಂದು ಫ್ಲೆಕ್ಸ್ ಆಗ್ಬೇಕು."

ಆಗಿನ್ನೂ ಪೀಣ್ಯದಲ್ಲಿ ಫ್ಲೆಕ್ಸ್ ಇಲ್ಲದೆ ಹಾಲಿನ ಡೇರಿಯೂ ಉದ್ಘಾಟನೆಯಾಗುತ್ತಿರಲಿಲ್ಲ. ನಾನು ನಿಧಾನವಾಗಿ ಎದ್ದುನಿಂತೆ.

"ಆ ಫ್ಲೆಕ್ಸ್ ವಿಚಾರ ನನಗೆ ಬಿಡಿ. ಅತಿಥಿ ತನ್ನ ದೇಶದ ಕಿರೀಟವನ್ನು ನಮ್ಮ ಗೇಟಿನ ಮೇಲೆ ನೋಡಬೇಕು! ಈ ಕಾರ್ಖಾನೆಯಲ್ಲಿ ಕಲೆ ಬಲ್ಲವರೂ ಇದ್ದಾರೆ ಎಂದು ತಿಳಿಯಬೇಕು."

ಸುದ್ದಿ ಲೇತ್ ಮಷಿನ್ನುಗಳ ಮಧ್ಯೆ ಹರಡಿತು. ಬಾಗಲಕೋಟೆ ಕಡೆಯ ಟರ್ನರ್ ಬಸವರಾಜ, ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ನಿಯೋಗದೊಂದಿಗೆ ಬಂದ.

"ಸಾಹೇಬ್ರ, ಬ್ಯಾನರದಾಗ ನಮ್ಮ ಫೋಟೋನೂ ಹಾಕಸ್ರಿ ಮತ್ತ."

"ಬಸವರಾಜ, ಇದು ಗಣೇಶನ ಉತ್ಸವ ಅಲ್ಲಪ್ಪ. ಇದು ಕಲೆ."

"ಕಲಾದಾಗ ಮಂದಿ ಇರಂಗಿಲ್ಲೇನ್ರಿ?"

"ಈ ಕಲೆಯಲ್ಲಿ ಇರೋದಿಲ್ಲ," ಎಂದು ತೀರ್ಪು ನೀಡಿದೆ. ಅವನು ಮರುಮಾತಾಡದೆ ಹೋದ. ಅವನು ಮರುಮಾತಾಡದಿದ್ದಾಗ ಹೆದರಬೇಕು ಎಂದು ನನಗೆ ಆಗ ಗೊತ್ತಿರಲಿಲ್ಲ.

ರಾಜಗೋಪಾಲನಗರದ ಮಂಜನ ಫ್ಲೆಕ್ಸ್ ಅಂಗಡಿಗೆ ಹೋದೆ. ಗೋಡೆಯ ತುಂಬ ಹುಟ್ಟುಹಬ್ಬದ ನಾಯಕರು, ಮೊಬೈಲ್ ಹಿಡಿದು ದಿಗಂತ ನೋಡುತ್ತಿದ್ದರು. ಮಂಜ ನನ್ನ ಪೋಸ್ಟರನ್ನು ಮೇಜಿನ ಮೇಲೆ ಹರಡಿ, ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ನೋಡಿ ಗಂಭೀರನಾದ.

"ಸಾರ್, ಬಿಲ್ಡಿಂಗ್ ಒಂದ್ ಸೈಡ್ ಬಿದ್ದೋಗೈತಲ್ಲ."

"ಅದು ಇರೋದೇ ಹಾಗೆ."

"ರಿಪೇರಿ ಮಾಡ್ಸಿಲ್ವಾ? ಅಷ್ಟ್ ದೊಡ್ಡ ದೇಶ?"

"ಮಂಜ, ಅದರ ಸೌಂದರ್ಯ ಇರೋದೇ ಅದರಲ್ಲಿ."

"ಶುಭಕಾರ್ಯಕ್ಕೆ ಬಿದ್ದಿರೋ ಬಿಲ್ಡಿಂಗ್ ಹಾಕಿದ್ರೆ ನಮ್ ಅಂಗಡೀಗೇ ಕೆಟ್ಟೆಸ್ರು ಸಾರ್. ಹೋಗ್ಲಿ, ನಿಮ್ ಫೋಟೋ ಎಲ್ ಹಾಕ್ಲಿ? ಐಡಿ ಕಾರ್ಡ್ ಇಲ್ಲೇ ಮಾಡ್ಸಿದ್ರಲ್ಲ, ಸಿಸ್ಟಮ್‌ನಲ್ಲೇ ಐತೆ."

"ನನ್ನ ಮುಖ ಅಲ್ಲಿ ಬೇಡ," ಎಂದೆ, ತ್ಯಾಗಿಯ ಧ್ವನಿಯಲ್ಲಿ. "ರೋಮ್ ಒಂದೇ ಸಾಕು."

"ಪ್ರೂಫ್ ನೋಡ್ಕೊಂಡ್ ಹೋಗಿ ಸಾರ್, ಸಂಜೆ ಆಗುತ್ತೆ."

"ಪ್ರೂಫ್ ನೋಡೋದು ಹೆಸರು ತಪ್ಪಾದೀತು ಅನ್ನೋ ಭಯ ಇರೋರು. ಇಲ್ಲಿ ಹೆಸರೇ ಇಲ್ಲ! ಅಂದವಾಗಿ ಮಾಡು, ಉಳಿದದ್ದು ನಿನಗೆ ಬಿಟ್ಟಿದ್ದು."

ಚರಿತ್ರೆಯಲ್ಲಿ ಅನೇಕ ಸಾಮ್ರಾಜ್ಯಗಳು ಇಂಥದೇ ಒಂದು ವಾಕ್ಯದಿಂದ ಬಿದ್ದಿರಬೇಕು. ನನ್ನದು ಮಾತ್ರ ಬಿದ್ದದ್ದಲ್ಲ. ಎದ್ದು ನಿಂತಿತು.

ಅತಿಥಿ ಬರುವ ದಿನ ಬೆಳಿಗ್ಗೆ, ಆರತಿಗೆಂದು ಕರೆಸಿದ್ದ ವಿಮಲಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕಾರ್ಖಾನೆಗೆ ಹೋದೆ. ಅತಿಥಿಯ ಜೊತೆ ಫೋಟೋ ಚೆನ್ನಾಗಿ ಬರಲೆಂದು ಗೇಟಿನ ಮುಂದೆಯೇ ಕನ್ನಡಕ ತೆಗೆದು ಜೇಬಿಗಿಟ್ಟೆ. ತಲೆಯೆತ್ತಿದೆ. ಪಪ್ಪಾಯಿ ಬಣ್ಣದ ಆಕಾಶ ಇತ್ತು. ಕೊಡೆಮರ ಇತ್ತು. ನಡುವೆ ಯಾವುದೋ ಕಲ್ಯಾಣ ಮಂಟಪ ಇತ್ತು!

ಮಂಜ ಕೊಲೋಸಿಯಂ ರಿಪೇರಿ ಮಾಡಿದ್ದ. ಚೆನ್ನಾಗಿರುವ ಕಡೆಯ ಗೋಡೆಯನ್ನೇ ನಕಲು ತೆಗೆದು ಬಿದ್ದ ಕಡೆ ಕೂರಿಸಿ, ಕಟ್ಟಡವನ್ನು ಮೇಲಿನ ಅಂಚಿನವರೆಗೆ ಸಮನಾಗಿ ಎಬ್ಬಿಸಿ, ಒಟ್ಟಾರೆ ಗುಲಾಬಿ ಬಣ್ಣ ಬಳಿದಿದ್ದ. ಚಕ್ರವರ್ತಿಗಳಿಂದ, ಪೋಪ್‌ಗಳಿಂದ ಆಗದ ಜೀರ್ಣೋದ್ಧಾರ ರಾಜಗೋಪಾಲನಗರದಲ್ಲಿ ಒಂದೇ ಸಂಜೆಯಲ್ಲಿ ನೆರವೇರಿತ್ತು!

"ಈಗ ನೋಡ್ರೀ, ಎಷ್ಟು ಲಕ್ಷಣವಾಗಿದೆ," ಎಂದಳು ವಿಮಲಾ. "ಇದನ್ನ ಬೇಕಾದ್ರೆ ಹಾಲ್‌ನಲ್ಲಿ ಹಾಕ್ಕೋಬೋದು."

"ಕಮಾನುಗಳಲ್ಲಿ ಅದೇನದು, ಕಪ್ಪು ಕಪ್ಪಾಗಿ?"

"ನಾವ್ರೀ ಸಾಹೇಬ್ರ!" ಬಸವರಾಜ ಹಿಂದಿನಿಂದ ಸಂಭ್ರಮದಲ್ಲಿ ಕೂಗಿದ. "ಅಲ್ ನೋಡ್ರಿ, ಮೂರನೇ ಬಾಗಲದಾಗ ನಾ. ಕೂಲಿಂಗ್ ಗ್ಲಾಸ್ ಹಾಕ್ಕೊಂಡೀನಿ. ಬಾಗಲಾ ಎಲ್ಲಾ ಖಾಲಿ ಅದಾವು, ಮಂದಿ ಯಾಕ ಹೊರಗ ನಿಂದ್ರಬೇಕು ಅಂತ ಮಂಜಣ್ಣಗ ಹೇಳಿದ್ವಿ."

ಅವನು ಬೆರಳಿಟ್ಟು ತೋರಿಸುತ್ತಾ ಹೋದ: ಪ್ರತಿ ಕಮಾನಿನಲ್ಲೂ ಒಂದೊಂದು ಮುಖ. ಟರ್ನರುಗಳು, ಫಿಟ್ಟರುಗಳು, ವಾಚ್‌ಮನ್, ಕ್ಯಾಂಟೀನಿನ ಗಂಗಮ್ಮ. ಆಕಾಶದಲ್ಲಿ ಕೈಮುಗಿದ ಪುಟ್ಟಸ್ವಾಮಯ್ಯ. ಎಲ್ಲಕ್ಕಿಂತ ಮೇಲೆ, ಹೊಸದಾಗಿ ಕಟ್ಟಿದ ಗೋಡೆಯ ನೆತ್ತಿಯಲ್ಲಿ, ಕೆಂಪು ಚೌಕದೊಳಗೆ ದಪ್ಪ ಮೀಸೆಯ, ಕಣ್ಣು ಕೆಕ್ಕರಿಸಿದ ಒಂದು ಆಕೃತಿ ಮಂಜುಮಂಜಾಗಿ ಕಂಡಿತು. ಹೊಸ ಕಟ್ಟಡಕ್ಕೆ ದೃಷ್ಟಿಗೊಂಬೆಯನ್ನೂ ಕಟ್ಟಿದ್ದಾನೆ ಪಾಪಿ!

"ಬಿಚ್ಚಿಸಿ ಅದನ್ನು! ಈಗಲೇ!" ಎಂದು ಕೂಗಿದೆ. ಕೂಗಿ ಮುಗಿಸುವಷ್ಟರಲ್ಲಿ ಅತಿಥಿಯ ಕಾರು ಬಂದೇಬಿಟ್ಟಿತು.

ಎತ್ತರದ, ನರೆಗೂದಲಿನ ಮನುಷ್ಯ. ಕಾರಿನಿಂದ ಇಳಿಯುತ್ತಿದ್ದವರು ಒಂದು ಕಾಲು ರಸ್ತೆಯಲ್ಲಿ, ಒಂದು ಕಾಲು ಕಾರಿನಲ್ಲಿ ಇಟ್ಟುಕೊಂಡೇ ಬ್ಯಾನರು ನೋಡುತ್ತಾ ನಿಂತರು. ಪುಟ್ಟಸ್ವಾಮಯ್ಯ ಹಾರ ಹಿಡಿದು ಕಾಯುತ್ತಿದ್ದರು. ಎರಡನೇ ಶಿಫ್ಟಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರ ಅನ್ನ ನನ್ನ ಕಲಾಪ್ರೇಮದ ಕೈಯಲ್ಲಿತ್ತು. ನಾನು ನೆಲ ನೋಡಿದೆ. ನೆಲ ಬಾಯಿ ಬಿಡಲಿಲ್ಲ.

ಅತಿಥಿ ನಕ್ಕರು. ಮೊದಲು ಸಣ್ಣಗೆ. ಆಮೇಲೆ ಕಣ್ಣೀರು ಒರೆಸಿಕೊಳ್ಳುವ ಹಾಗೆ. ತಮ್ಮ ಹರಕು ಇಂಗ್ಲಿಷಿನಲ್ಲಿ ನನ್ನ ಹರಕು ಇಂಗ್ಲಿಷಿಗೆ ಅವರು ಹೇಳಿದ್ದು ಇಷ್ಟು: ಒಂದು ಕಾಲದಲ್ಲಿ ಆ ಕಮಾನುಗಳಲ್ಲಿ ಶಿಲ್ಪಗಳು ನಿಂತಿದ್ದವಂತೆ. ಎಲ್ಲ ಹೋಗಿ, ತಾವು ಹುಟ್ಟಿದಾಗಿನಿಂದ ಖಾಲಿ ಕಮಾನುಗಳನ್ನೇ ನೋಡಿದ್ದಂತೆ. "ಇವತ್ತು ಮತ್ತೆ ತುಂಬಿದೆ!"

ಆಮೇಲೆ ಅವರು ಶಾಪಿನೊಳಗೆ ಮಷಿನ್ ನೋಡಿದ್ದಕ್ಕಿಂತ ಮುಖ ನೋಡಿದ್ದೇ ಹೆಚ್ಚು. ಒಬ್ಬೊಬ್ಬರ ಮುಂದೆ ನಿಂತು, "ನೀನು ಯಾವ ಕಮಾನು?" ಎಂದು ಕೇಳಿ ಕೈಕುಲುಕಿದರು. ಅಷ್ಟು ಹತ್ತಿರದಿಂದ ಕೈಕುಲುಕಿದ ಮೇಲೆ ಕೈಯಲ್ಲಿದ್ದ ಗೇರನ್ನೂ ನೋಡಲೇಬೇಕಲ್ಲ, ನೋಡಿದರು, ಅಳೆದರು, ತಲೆದೂಗಿದರು. ಗುರುತು ತಪ್ಪದಿರಲೆಂದು ಬಸವರಾಜ ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಲೇತ್ ಮುಂದೆ ನಿಂತಿದ್ದ.

ಕೆಲಸ ಸಿಕ್ಕಿತು. ನನ್ನ ಎದೆಗೆ ಉಸಿರು ಮರಳಿತು. ಉಸಿರಿನ ಜೊತೆಗೆ ಪಾಂಡಿತ್ಯವೂ ಮರಳಿತು. ಅಂದು ಜೊತೆಗೇ ತಂದಿದ್ದ ಅಸಲಿ ಪೋಸ್ಟರನ್ನು ಅವರಿಗೆ ಉಡುಗೊರೆಯಾಗಿ ಎರಡೂ ಕೈಯಲ್ಲಿ ನೀಡಿದೆ. ಅವರು ಪ್ರೀತಿಯಿಂದ ಸವರಿ, ಅದನ್ನು ನನ್ನ ಕೈಗೇ ವಾಪಸ್ ಇಟ್ಟರು. ಬಿದ್ದದ್ದನ್ನು ನೋಡಲು ತಮ್ಮ ಊರಲ್ಲೇ ಬೇಕಾದಷ್ಟಿದೆಯಂತೆ. ಬೇಕಾಗಿರುವುದು ಗೇಟಿನ ಮೇಲಿರುವುದರ ಸಣ್ಣ ಪ್ರತಿ!

ಹೊರಡುವ ಮುನ್ನ ಅವರು ಬ್ಯಾನರಿನ ನೆತ್ತಿಗೆ ಬೆರಳು ತೋರಿಸಿ, "ಅದೇನು?" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. ಕಟ್ಟಡ ಕಟ್ಟುವಾಗ ಜನರ ಕೆಟ್ಟ ಕಣ್ಣು ಬೀಳದಿರಲೆಂದು ನಮ್ಮಲ್ಲಿ ರಾಕ್ಷಸನ ಮುಖ ತೂಗುಹಾಕುವ ಪದ್ಧತಿ, ಮುಖ ಎಷ್ಟು ವಿಕಾರವಾಗಿದ್ದರೆ ಅಷ್ಟು ಒಳ್ಳೆಯದು, ಇದಂತೂ ಬಹಳ ಉತ್ತಮ ಮಾದರಿ ಎಂದು ಸವಿಸ್ತಾರವಾಗಿ ಉಪನ್ಯಾಸ ಮಾಡಿದೆ. ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಅದನ್ನು ನೋಡಿದರು. ಬಹಳ ಗೌರವದಿಂದ ಕೈಕುಲುಕಿ ಕಾರು ಹತ್ತಿದರು.

ಆರತಿ ತಟ್ಟೆ ಹಿಡಿದಿದ್ದ ವಿಮಲಾ ಪಕ್ಕಕ್ಕೆ ಬಂದಳು.

"ರೀ, ಕನ್ನಡಕ ಹಾಕ್ಕೊಳ್ಳಿ."

"ಯಾಕೆ?"

"ಹಾಕ್ಕೊಂಡು ಮೇಲೆ ನೋಡಿ. ಅದು ದೃಷ್ಟಿಗೊಂಬೆ ಅಲ್ಲ ಕಣ್ರೀ. ನೀವು!"

ಹಾಕಿಕೊಂಡೆ. ನಾನೇ! ಐಡಿ ಕಾರ್ಡಿನ ಫೋಟೋ. ಮಂಜ ಫ್ಲ್ಯಾಶ್ ಹೊಡೆದ ಕ್ಷಣದಲ್ಲಿ ಬೆಚ್ಚಿಬಿದ್ದು ತೆರೆದ ಕಣ್ಣು ಸಮೇತ.

"ಬೇಡ ಅಂದಿದ್ನಲ್ಲೋ!" ಎಂದು ಸಣ್ಣ ಪ್ರತಿಯ ವಿಷಯ ಮಾತಾಡಲು ಬಂದಿದ್ದ ಮಂಜನ ಮೇಲೆ ಎಗರಿದೆ.

"ನೀವು ದೊಡ್ಡ್ ಮನ್ಸಿಂದ ಬೇಡ ಅಂದ್ರಿ ಸಾರ್. ಹಂಗಂತ ಬಿಟ್ಬಿಡಕ್ಕಾಗುತ್ತಾ? ಎಲ್ಲಾರ್ ಜೊತೆ ಬಾಗಿಲಲ್ಲಿ ಬೇಡ ಅಂತ ಮೇಲ್ಗಡೆ ಇಟ್ಟೆ. ದೇವಸ್ಥಾನಕ್ಕೆ ಕಳಸ ಇದ್ದಂಗೆ!"

ಈಗ ಆ ಬ್ಯಾನರು ಕಾರ್ಖಾನೆ ಎದುರಿನ ಚಹಾ ಅಂಗಡಿಯ ಸೂರಾಗಿದೆ. ಮಳೆ ಬಂದಾಗ ಬಸವರಾಜ ಮತ್ತು ಸಂಗಡಿಗರು ತಮ್ಮ ತಮ್ಮ ಕಮಾನಿನ ಕೆಳಗೇ ನಿಂತು ಚಹಾ ಕುಡಿಯುತ್ತಾರೆ. ಬೀರುವಿನ ಹಿಂದಿನ ಪೋಸ್ಟರನ್ನು ನಾನು ಈಗಲೂ ತೆಗೆದು ನೋಡುತ್ತೇನೆ. ಆಕಾಶ ಅದೇ ಪಪ್ಪಾಯಿ, ಕಲ್ಲು ಅದೇ ಬೆಣ್ಣೆ. ಚಿತ್ರಕಾರನ ಮೇಲಿನ ಗೌರವ ಕೂದಲಷ್ಟೂ ಕಡಿಮೆಯಾಗಿಲ್ಲ. ಆದರೆ ಆ ಖಾಲಿ ಕಮಾನುಗಳನ್ನು ಕಂಡಾಗ, ಯಾಕೋ, ಎಲ್ಲರೂ ಊಟಕ್ಕೆ ಹೋಗಿದ್ದಾರೆ ಅನ್ನಿಸುತ್ತದೆ.

ಮೊನ್ನೆ ಪುಟ್ಟಸ್ವಾಮಯ್ಯನವರಿಗೆ ಇಟಲಿಯಿಂದ ಒಂದು ಫೋಟೋ ಬಂತು. ನಮ್ಮ ಬ್ಯಾನರಿನ ಸಣ್ಣ ಪ್ರತಿ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಆ ಅತಿಥಿಯ ಕಚೇರಿಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ಅವರು ನೆತ್ತಿಯ ಮೇಲಿನ ಭಾರತೀಯ ರಾಕ್ಷಸನ ಮಹಿಮೆಯನ್ನು, ನಾನು ಹೇಳಿಕೊಟ್ಟಂತೆಯೇ, ವಿವರಿಸುತ್ತಾರಂತೆ.

ಹೀಗೆ ನಾನು ಇಟಲಿ ನೋಡದಿದ್ದರೇನು, ಇಟಲಿ ನನ್ನನ್ನು ದಿನಾ ನೋಡುತ್ತಿದೆ. ಆ ಕಚೇರಿಗೆ ಇದುವರೆಗೆ ಯಾರ ಕೆಟ್ಟ ಕಣ್ಣೂ ತಾಗಿಲ್ಲವಂತೆ!