ಗೋಡೆಗೆ ಮುಖ ಮಾಡಿದ ಬೋರ್ಡು

ಬೇಸಿಗೆ. ಬೆಳಿಗ್ಗೆಯೇ ತಗಡಿನ ಮಾಡು ಕಾದ ಕಾವಲಿಯಾಗಿತ್ತು. ಹೊಸ ಅಂಗಡಿಯ ಯಜಮಾನ, ಮೀಸೆ ಇನ್ನೂ ಸರಿಯಾಗಿ ಮೂಡದ ಯುವಕ, ಬೆವರು ಸುರಿಸುತ್ತ ಗೋಡೆಗೆ ಹಲಗೆ ಬಡಿಯುತ್ತಿದ್ದ. ಸ್ಕೂಟರ್ ಬಿಡಿಭಾಗಗಳ ವ್ಯಾಪಾರ, ಹಲಗೆಗಳಿದ್ದವು, ಭಾಗಗಳಿರಲಿಲ್ಲ. ಸಾಮಾನು ಬರುವ ಮೊದಲು ಹೆಸರು ತೋರಿಸುವುದು ನಾಚಿಕೆಗೇಡೆಂದು ಬೋರ್ಡನ್ನು ಬಾಗಿಲ ಪಕ್ಕ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ಸಂಜೆ ಹಾಲಿನ ಡೇರಿಯ ಮ್ಯಾನೇಜರ್ ಬರುವವನಿದ್ದ. ಅಷ್ಟರಲ್ಲಿ ಹಲಗೆ ತುಂಬಿದರೆ ಡೇರಿಯ ಸ್ಕೂಟರುಗಳಿಗೆಲ್ಲ ಇವನದೇ ಸಾಮಾನು.

ಸಾಗಣೆ ಆಫೀಸಿಗೆ ಫೋನ್ ಮಾಡಿದ.

"ನಿಮ್ಮ ಸಾಮಾನಿನ ಮೂಟೆ ಬೆಳಿಗ್ಗೇನೇ ಹೊರಟಿದೆ" ಎಂದರು ಅಲ್ಲಿಂದ.

"ಹೊರಟಿದ್ದು ಎಲ್ಲಿಗೆ, ತೀರ್ಥಯಾತ್ರೆಗಾ?" ಎಂದು ಫೋನ್ ಕುಕ್ಕಿ ಒಳಗೆ ಹೋದ.

ಗಲ್ಲಾದಲ್ಲಿ ಸೋದರಮಾವ ಕೂತಿದ್ದ. ಎದುರಿನ ಮೆಕ್ಯಾನಿಕ್ ರಸ್ತೆ ದಾಟಿ ಬಂದು, ರಿಪೇರಿಗೆ ಬಂದ ಗಾಡಿಗೆಂದು ಪ್ಲಗ್ ಕೇಳಿದ, ದುಡ್ಡು ಗಾಡಿಯವನೇ ಹೋಗುವಾಗ ಕೊಡುತ್ತಾನೆಂದ. ಮಾವ ನಿಧಾನವಾಗಿ ಎದ್ದು, ಹೊರಗೆ ನಿಂತಿದ್ದ ಅಳಿಯನ ಸ್ಕೂಟರಿನಿಂದಲೇ ಬಿಚ್ಚಿ ಕೊಟ್ಟ.

"ಮಾವ, ಅದು ನನ್ನ ಗಾಡಿ."

"ಮೊದಲ ಗಿರಾಕಿ ಕಣೋ. ಬರಿಗೈಲಿ ಕಳಿಸ್ಲಾ? ಸಂಜೆ ನಿನ್ ಸಾಮಾನು ಬರತ್ತಲ್ಲ, ಹಾಕ್ಕೊ."

ಅಳಿಯ ಹಲ್ಲು ಕಡಿದು ಮೊಳೆಗೆ ಬಡಿದ, ಮೊಳೆ ಡೊಂಕಾಯಿತು. ಆಮೇಲೆ ಕ್ಲಚ್ ಕೇಬಲ್ ಹೋಯಿತು. ಕಾರ್ಬುರೇಟರ್ ಹೋಯಿತು. ಪಕ್ಕದಂಗಡಿಯ ದರ್ಜಿ ಹೊಲಿಗೆ ಬಿಟ್ಟು ಬಂದು ಹಿಂದಿನ ಚಕ್ರ ಬಿಚ್ಚಲು ಕೈಹಾಕಿದ. ಎದುರಿನ ಮರದಡಿ, ರಿಪೇರಿಗೆ ಬಂದ ಸ್ಕೂಟರಿನ ಸವಾರ ದೊಡ್ಡ ಗಂಟಿಗೆ ತಲೆಕೊಟ್ಟು ಗೊರಕೆ ಹೊಡೆಯುತ್ತಿದ್ದ.

"ರಸ್ತೆ ಗುಂಡಿಗೆ ಬಿದ್ದು ಗಾಡಿ ಮುರ್ಕೊಂಡನಂತೆ. ಎಂಥಾ ನಿದ್ದೆ ನೋಡಿ, ಪುಣ್ಯವಂತ" ಎಂದ ದರ್ಜಿ.

ಸಂಜೆಯಾದರೂ ಬಾರದ ಮೂಟೆಯನ್ನು ತಾನೇ ಹೋಗಿ ಹುಡುಕುತ್ತೇನೆಂದು ಅಳಿಯ ಹೊರಗೆ ಬಂದಾಗ ಸ್ಕೂಟರ್ ಇಟ್ಟಿಗೆಗಳ ಮೇಲೆ ಕೂತಿತ್ತು, ತಿಂದು ಬಿಟ್ಟ ಮೀನಿನ ಮುಳ್ಳಿನಂತೆ.

"ಮಾವ, ನೀವು ಅಂಗಡಿ ನೋಡ್ಕೊಳ್ತಿದ್ದೀರೋ, ನನ್ನನ್ನ ಸುಲೀತಿದ್ದೀರೋ?"

"ಚಕ್ರ ಹೋದ್ರೂ ಹ್ಯಾಂಡಲ್ ಉಳಿಸಿದೀನಲ್ಲೋ."

ಆ ಹೊತ್ತಿಗೆ ಸರಿಯಾಗಿ ಮ್ಯಾನೇಜರ್ ಬಂದ. ಬರಿ ಹಲಗೆ ನೋಡಿದ, ಇಟ್ಟಿಗೆ ಮೇಲಿನ ಗಾಡಿ ನೋಡಿದ. "ನಿಮ್ಮ ಗಾಡಿಗೇ ಸಾಮಾನಿಲ್ವಲ್ರೀ" ಎಂದವನೇ ತನ್ನ ಗಾಡಿ ಹತ್ತಿ ಹೋದ.

ಅಳಿಯ ಕೈಯಲ್ಲೇ ಉಳಿದಿದ್ದ ಸುತ್ತಿಗೆಯನ್ನು ಬೀಸಿ ಒಗೆದ. ಅದು ಬೋರ್ಡಿಗೆ ಬಡಿದು ಬೋರ್ಡು ಮಗುಚಿತು, ಹೆಸರು ಮೇಲಾಯಿತು.

ರಿಪೇರಿಯಾದ ಸ್ಕೂಟರಿನಲ್ಲಿ ಗಂಟು ಹೇರಿಕೊಂಡು ಹೊರಟಿದ್ದ ಸವಾರ ಅದನ್ನು ಓದಿ ಬ್ರೇಕ್ ಹಾಕಿದ.

"ಅಯ್ಯೋ, ಈ ಅಂಗಡಿ ನಿಮ್ದೇನ್ರಿ? ಬೆಳಿಗ್ಗೆ ಬೋರ್ಡ್ ಹುಡುಕ್ತಾ ಹುಡುಕ್ತಾನೇ ಗುಂಡಿಗೆ ಬಿದ್ದೆ. ತಗೊಳಿ ನಿಮ್ಮ ಮೂಟೆ."

ಅವನು ಸಾಗಣೆಯ ಬಾಡಿಗೆ ಕೇಳಿದ. ಮಾವ ಅವನ ಗಾಡಿಗೆ ಹೋದ ಸಾಮಾನಿನ ಬೆಲೆಯನ್ನು ಬೆರಳ ಮೇಲೆ ಎಣಿಸಿ, "ಅಲ್ಲಿಗಲ್ಲಿಗೆ ಸರಿಹೋಯ್ತು. ನೀವೂ ಕೊಡೋದಿಲ್ಲ, ನಾವೂ ಕೊಡೋದಿಲ್ಲ" ಎಂದು ತೃಪ್ತಿಯಿಂದ ಎದ್ದ. "ನೋಡೋ ಅಳಿಯಾ, ಮೊದಲ ದಿನವೇ ಸಾಲವಿಲ್ಲದ ವ್ಯಾಪಾರ. ಓಡಿ ಹೋಗಿ ಆ ಡೇರಿಯವನನ್ನ ಕರ್ಕೊಂಡ್ ಬಾ."

ಅಳಿಯ ಇಟ್ಟಿಗೆ ಮೇಲಿನ ಸ್ಕೂಟರನ್ನೂ ಮಾವನನ್ನೂ ಒಮ್ಮೆ ನೋಡಿ, ಸುತ್ತಿಗೆ ಎಲ್ಲಿ ಬಿತ್ತೆಂದು ಹುಡುಕತೊಡಗಿದ.