ಬೀರೇಶ ಮಾಸ್ತರರ ಆರು ವರ್ಷ

ಬೀರೇಶನ ಫಜೀತಿಗೆಲ್ಲ ಕಾರಣ ಗೋಡೆಗೆ ತೂಗುಹಾಕಿದ ಒಂದು ಗಾಜಿನ ಪಟ. ಉದ್ಯಮಬಾಗದ ಹಿಂದಿನ ಕಾಲನಿಯ ಸಮುದಾಯ ಭವನಕ್ಕೆ ಹೋದವರು ಚಪ್ಪಲಿ ಬಿಡುವಾಗ ಅದು ಎದುರಿಗೇ ಕಾಣುತ್ತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಸ್ಪ್ಯಾನಿಷ್ ಶಾಲೆಯ ಶಿಕ್ಷಕರ ಹಿನ್ನೆಲೆ’ ಎಂದು ಬರೆದಿತ್ತು. ಅದರ ಕೆಳಗೆ ಮೂರು ಫೋಟೋ, ಪ್ರತಿ ಫೋಟೋಕ್ಕೆ ನಾಲ್ಕು ನಾಲ್ಕು ಸಾಲು.

ಬೆಳಗಾವಿಯವರಿಗೆ ಸ್ಪ್ಯಾನಿಷ್ ಯಾಕೆ ಬೇಕಾಯಿತೆಂದರೆ, ಉದ್ಯಮಬಾಗದ ಒಂದು ಫೌಂಡ್ರಿಗೆ ಸ್ಪೇನಿನ ಕಂಪನಿಯಿಂದ ದೊಡ್ಡ ಆರ್ಡರು ಬಂದಿತ್ತು. ಆ ಭಾಷೆ ಬಲ್ಲವರಿಗೆ ಪಗಾರ ಏರುತ್ತದೆಂದು ಸುದ್ದಿ ಹಬ್ಬಿತು. ಕಾಲನಿಯ ಸಂಘದ ಅಧ್ಯಕ್ಷ ಬಾಳಾಸಾಹೇಬರು ನಿವೃತ್ತರಾದ ಮೇಲೆ ಉದ್ಘಾಟಿಸಲು ಏನೂ ಸಿಗದೆ ಚಡಪಡಿಸುತ್ತಿದ್ದವರು. ಹದಿನೈದು ದಿನದಲ್ಲಿ ಸಂಜೆಯ ಶಾಲೆ ತೆರೆದೇಬಿಟ್ಟರು. ಶಿಕ್ಷಕರ ಹಿನ್ನೆಲೆಯನ್ನೂ ತಾವೇ ಬರೆದರು.

ಪ್ರಮಿಳಾ ಬಾಯಿ ಪಣಜಿಯ ಹೋಟೆಲೊಂದರ ಕೌಂಟರಿನಲ್ಲಿ ಕೀಲಿಕೈ ಕೊಡುತ್ತ ಪ್ರವಾಸಿಗರಿಂದ ಭಾಷೆ ಹಿಡಿದಿದ್ದರು. ಪಟದಲ್ಲಿ ಅವರು ‘ಅಂತರರಾಷ್ಟ್ರೀಯ ಆತಿಥ್ಯ ತಜ್ಞೆ’ ಆದರು. ಕಲ್ಮೇಶ ಸರಕಿನ ಹಡಗಿನಲ್ಲಿ ಪಾತ್ರೆ ತೊಳೆಯುತ್ತ ಕಲಿತಿದ್ದ. ಅವನದು ‘ಹನ್ನೊಂದು ದೇಶಗಳಲ್ಲಿ ಸಾಗರ ಸೇವೆ’ ಆಯಿತು. ಉಳಿದವನು ಬೀರೇಶ, ಫೌಂಡ್ರಿಯ ಸ್ಟೋರ್ ಕೀಪರ್. ಖಾನಾಪುರ ತಾಲೂಕಿನ ಹಲಸಿಯ ಆಚೆಗಿನ ಹಳ್ಳಿಯವನು. ಆ ಊರಿನಲ್ಲಿ ಸ್ಪೇನಿನ ಮುದಿ ಪಾದ್ರಿಯೊಬ್ಬರು ಸಣ್ಣ ದವಾಖಾನೆ ಇಟ್ಟುಕೊಂಡಿದ್ದರು. ಬೀರೇಶ ಹಗಲೆಲ್ಲ ಕುರಿ ಕಾಯ್ದು, ಸಂಜೆ ಅವರಿಗೆ ಅಡುಗೆ ಮಾಡಿ ಹಾಕುತ್ತಿದ್ದ. ಪಾದ್ರಿಗೆ ಕಣ್ಣು ಮಂಜಾದಾಗ, ತಂಗಿಯಿಂದ ಬರುವ ಪತ್ರ ಓದಿಸಿಕೊಳ್ಳಲೆಂದು ಅವನಿಗೆ ತಮ್ಮ ಭಾಷೆ ಕಲಿಸಿದರು. ಒಂಬತ್ತು ವರ್ಷ ಅವನು ಆ ಪತ್ರಗಳನ್ನು ಓದಿದ, ಉತ್ತರ ಬರೆದ, ಬೈಗುಳ ತಿಂದ.

ಇದನ್ನೆಲ್ಲ ಕೇಳಿದ ಬಾಳಾಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು, ‘ಸ್ಪೇನಿನಲ್ಲಿ ಆರು ವರ್ಷ ವ್ಯಾಸಂಗ’ ಎಂದು ಬರೆದರು.

“ಸಾಹೇಬ್ರ, ನಾ ಲೋಂಡಾ ಟೇಸನ್ ದಾಟಿ ಹೋಗಿಲ್ರಿ,” ಎಂದ ಬೀರೇಶ.

“ಭಾಷಾ ಬರತೈತಿಲ್ಲೋ? ಮತ್ತೇನು. ಕುರಿ ಕಾಯಕೊಂತ ಕಲತೇನಿ ಅಂದ್ರ ಬೆಳಗಾವಿ ಮಂದಿ ನಿಮ್ಮ ಮುಂದ ಬಂದು ಕುಂದರ್ತಾರೇನ್ರಿ? ಸುಮ್ಕ ಒಂದು ಫೋಟೋ ಕೊಡ್ರಿ.”

ಬೀರೇಶ ಫೋಟೋ ಕೊಟ್ಟ. ಅಂದಿನಿಂದ ಒಂದೂವರೆ ವರ್ಷ ಅವನು ಆ ಪಟದ ಮುಂದೆ ತಲೆ ತಗ್ಗಿಸಿಯೇ ಒಳಗೆ ಹೋಗುತ್ತಿದ್ದ. ಪರದೇಶದಲ್ಲಿ ಓದಿಬಂದರೂ ಎಷ್ಟು ವಿನಯ ನೋಡಿ ಎಂದು ವಿದ್ಯಾರ್ಥಿಗಳು ಮಾತಾಡಿಕೊಳ್ಳುತ್ತಿದ್ದರು.

ಆ ಗುರುವಾರ ಸಂಜೆ ಐದಕ್ಕೆ ಆರ್ಡರು ಕೊಟ್ಟ ಕಂಪನಿಯ ಸ್ಪೇನಿನ ಇಂಜಿನಿಯರು ಶಾಲೆ ನೋಡಲು ಬರುವವನಿದ್ದ. ‘ನಮ್ಮ ದೇಶದಲ್ಲಿ ಎಲ್ಲಿದ್ದಿರಿ’ ಎಂದು ಆತ ಕೇಳಿದರೆ ಏನು ಹೇಳುವುದೆಂಬ ಚಿಂತೆಯಲ್ಲಿ ಬೀರೇಶ ಬೆಳಿಗ್ಗೆ ನಟ್ಟು ಬೋಲ್ಟು ಎಣಿಸುತ್ತಿರುವಾಗಲೇ ಸ್ಟೋರಿನ ಫೋನು ಬಡಿದುಕೊಂಡಿತು. ಮಾತಾಡಿದವರು ಭವನದ ಎದುರು ಮನೆಯ ಗಂಗಾದೇವಿ. ಕಾಲನಿಯಲ್ಲಿ ಯಾರ ಮನೆಯ ಒಗ್ಗರಣೆ ಸೀದರೂ ಅವರಿಗೆ ಮೊದಲು ವಾಸನೆ ಹತ್ತುತ್ತಿತ್ತು.

“ಬೀರೇಶಾ, ಇಲ್ಲಿ ಭವನದ ಪಾವಟಿಗಿ ಮ್ಯಾಲ ಒಬ್ಬಾಕಿ ಮುದುಕಿ ಕುಂತಾಳ. ನಿಮ್ಮವ್ವ ಅಂತ. ಬಂದವರನ್ನ ಹೋದವರನ್ನ ನಿಂದರ್ಸಿ, ಇದನ್ನ ಓದಿ ಹೇಳ್ರೆಪಾ ಅನ್ನಾಕತ್ತಾಳ.”

ಬೀರೇಶನ ಕೈಯಿಂದ ಬೋಲ್ಟಿನ ಡಬ್ಬಿ ಬಿತ್ತು. ಇಡೀ ದಿನದ ರಜೆ ಬರೆದುಕೊಟ್ಟು ಸೈಕಲ್ ತುಳಿದ.

ಸಾತವ್ವ ಕಂಬಳಿ ಹಾಸಿಕೊಂಡು ಪಟದ ಕೆಳಗೇ ಕೂತಿದ್ದಳು. ಅವಳ ಮುಂದೆ ಹಾಲು ಮಾರುವವನೊಬ್ಬ ನಿಂತು, ತನಗೆ ಮರಾಠಿ ಅಕ್ಷರವಷ್ಟೇ ಬರುತ್ತದೆಂದು ಕೈಮುಗಿದು ಹೇಳುತ್ತಿದ್ದ. ಬೀರೇಶನ ಜೀವ ಅರ್ಧ ಮರಳಿ ಬಂತು.

“ಯವ್ವಾ, ಹೇಳದ ಕೇಳದ ಬರೂದೇನಬೇ?”

“ಬಸ್ಸಿನ ಕಂಡಕ್ಟರ್ ದುಂಡಪ್ಪ ಹೇಳಿದಾ, ನಿನ್ನ ಮಗನ ಫೋಟೋಕ್ಕ ಗಾಜು ಹಾಕ್ಸಿ ತೂಗಬಿಟ್ಟಾರ ಅಂತ. ನಮ್ಮ ಊರಾಗ ಸತ್ತಾವರದಷ್ಟ ಹಂಗ ತೂಗಬಿಡ್ತಾರ. ಎದಿ ಧಸಕ್ ಅಂತು ನೋಡು. ಮೊದಲನೇ ಬಸ್ಸಿಗೇ ಬಂದೆ.” ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸಮಾಧಾನ ಮಾಡಿಕೊಂಡಳು. “ಅದಿಯಲ್ಲ, ಸಾಕು. ಈಗ ಇದನ್ನ ಓದಿ ಹೇಳು. ಏನ ಬರದಾರ ನಿನ್ನ ಬಗ್ಗೆ?”

ಬೀರೇಶ ಪಟದ ಕಡೆ ತಿರುಗಿದ. ಗಂಟಲು ಸರಿ ಮಾಡಿಕೊಂಡು ಓದಿದ: “ಬೀರೇಶ. ಹಲಸಿ ಬಾಜೂಕಿನ ಸಾತವ್ವನ ಮಗ. ಕುರಿ ಕಾಯತಿದ್ದ. ದವಾಖಾನಿ ಪಾದ್ರಿ ಕಡೆ ಭಾಷಾ ಕಲತಾನ.”

ಹಾಗೆ ಓದುವಾಗ ಅವನಿಗೇ ಅನ್ನಿಸಿತು, ಇದೇನೂ ಅಷ್ಟು ಕೆಟ್ಟದಾಗಿ ಕೇಳಿಸಲಿಲ್ಲವಲ್ಲ ಎಂದು.

“ನನ್ನ ಹೆಸರೂ ಹಾಕ್ಯಾರೇನು?” ಸಾತವ್ವ ಎದ್ದು ನಿಂತಳು. “ಎಲ್ಲೈತಿ ತೋರಸು.”

ಬೀರೇಶನ ಬೆರಳು ಗಾಜಿನ ಮೇಲೆ ಅಲೆದಾಡಿ ‘ವ್ಯಾಸಂಗ’ ಎಂಬಲ್ಲಿ ನಿಂತಿತು. ಸಾತವ್ವ ಸೆರಗಿನ ತುದಿಯಿಂದ ಆ ಮೂರು ಅಕ್ಷರದ ಮೇಲಿನ ಧೂಳು ಒರೆಸಿದಳು. ಆಮೇಲೆ ಬೆರಳಿನಿಂದ ಅವುಗಳ ಸುತ್ತು ಕೊಂಬುಗಳನ್ನು ಮೆಲ್ಲಗೆ ತೀಡಿ, “ಚಂದ ಅದಾವು,” ಎಂದಳು.

ಬೀರೇಶನಿಗೆ ನೆಲ ಬಾಯ್ದೆರೆದು ತನ್ನನ್ನು ಸೈಕಲ್ ಸಮೇತ ನುಂಗಬಾರದೇ ಅನ್ನಿಸಿತು.

ನೆಲದ ಬದಲು ಬಾಳಾಸಾಹೇಬರು ಬಂದರು. “ಬರ್ರಿ ಮಾಸ್ತರ, ಖುರ್ಚಿ ಎಣಸಬೇಕು, ಮೈಕ್ ನೋಡಬೇಕು, ಸ್ಪೇನದಾವ್ರು ಏನ ತಿಂತಾರ ಹೇಳಬೇಕು. ನಿಮಗಲ್ಲದ ಯಾರಿಗೆ ಗೊತ್ತು?” ಎಂದು ಅವನ ರಟ್ಟೆ ಹಿಡಿದರು. ಅಷ್ಟರಲ್ಲಿ ಎದುರಿನಿಂದ ಗಂಗಾದೇವಿ ಕೂಗಿದರು: “ಬಾರವಾ ಯಕ್ಕಾ, ಬಿಸಲಾಗ ಯಾಕ ಕುಂತಿ. ಚಾ ಕುಡದು, ಒಂದೀಟು ಕಾಲು ಚಾಚು.”

ಸಾತವ್ವ ಕಂಬಳಿ ಮಡಚಿಕೊಂಡು ಹೊರಟೇಬಿಟ್ಟಳು. ಬೀರೇಶ ನೋಡುತ್ತ ನಿಂತ. ಗಂಗಾದೇವಿಗೆ ಆ ಪಟ ಬಾಯಿಪಾಠವಿತ್ತು. ಒಂದು ಕಪ್ಪು ಚಹಾ ಆರುವುದರೊಳಗೆ ಅವರು ಎದುರಿಗಿದ್ದವರ ಮೂರು ತಲೆಮಾರು ತಿಳಿದುಕೊಳ್ಳುವವರು.

ಹನ್ನೊಂದು ಗಂಟೆಗೆ ಬೀರೇಶ ನೀರು ಕೇಳುವ ನೆಪದಲ್ಲಿ ಆ ಮನೆಗೆ ಹೋಗಹೊರಟ. ಬಾಗಿಲಲ್ಲೇ ಬಾಳಾಸಾಹೇಬರು ಅವನ ತಲೆಗೆ ಅತಿಥಿಯ ಪೇಟಾ ಇಟ್ಟು ಅಳತೆ ನೋಡಿದರು. ಹನ್ನೆರಡಕ್ಕೆ ಸುತ್ತಿಗೆ ತರುವ ನೆಪದಲ್ಲಿ ಹೊರಟ. ಪಟವನ್ನೇ ಬಿಚ್ಚಿ ವೇದಿಕೆಯ ಮೇಲೆ ಬಡಿಯೋಣವೆಂದು ಬಾಳಾಸಾಹೇಬರಿಗೆ ಹೊಳೆದು, ಮೊಳೆ ಹಿಡಿಯುವ ಕೆಲಸ ಅವನಿಗೇ ಬಂತು. ಮೊಳೆಗಿಂತ ಹೆಚ್ಚು ಏಟು ಅವನ ಹೆಬ್ಬೆರಳಿಗೆ ಬಿದ್ದವು. ಒಂದು ಗಂಟೆಗೆ ನೆಪವಿಲ್ಲದೆ ಓಡಿದ.

ಒಳಗೆ ಗಂಗಾದೇವಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಲನಿಯ ನಾಲ್ಕೈದು ಹೆಂಗಸರು ಸಾತವ್ವನ ಸುತ್ತ ಕೂತಿದ್ದರು. ಬೀರೇಶನನ್ನು ಕಂಡಕೂಡಲೇ ಎಲ್ಲರೂ ಸರಿದು ಅವನಿಗೆ ದಾರಿ ಬಿಟ್ಟರು.

“ಯವ್ವಾ, ಊಟ ಆತೇನು?”

“ಆತು.” ಸಾತವ್ವ ಅವನ ಹೆಬ್ಬೆರಳು ನೋಡಿದಳು, ಮುಖ ನೋಡಿದಳು. “ಆ ಪಟದಾಗ ನನ್ನ ಹೆಸರು ಎಷ್ಟನೇ ಸಾಲಿನಾಗ ಐತಿ ಅಂದಿ?”

“ಮೂರನೇದು.”

“ಹೂಂ,” ಎಂದಳು ಸಾತವ್ವ.

ಐದು ಗಂಟೆಗೆ ಫೌಂಡ್ರಿ ಮಾಲಕರ ಕಾರಿನಲ್ಲಿ ಇಂಜಿನಿಯರು ಬಂದಿಳಿದ. ಎತ್ತರದ ಆಳು, ಪೇಟಾ ಹಾಕಲು ಬಾಳಾಸಾಹೇಬರು ಸ್ಟೂಲು ಹತ್ತಬೇಕಾಯಿತು. ಅವರ ಭಾಷಣ ಮುಗಿಯುವಷ್ಟರಲ್ಲಿ ಅವನ ಕೊರಳ ಹಾರ ಬಾಡಿತ್ತು. ಶಿಕ್ಷಕರು ಮಾತಾಡಿಸುವ ಸರದಿ ಬಂತು. ಪ್ರಮಿಳಾ ಬಾಯಿ ರೂಮು ಅನುಕೂಲವಾಗಿದೆಯೇ, ಬಿಸಿನೀರು ಬರುತ್ತದೆಯೇ ಎಂದು ವಿಚಾರಿಸಿ ಗೆದ್ದರು. ಕಲ್ಮೇಶ ನೆಗಡಿಯೆಂದು ಬಂದೇ ಇರಲಿಲ್ಲ.

ಬೀರೇಶ ಬಾಯಿ ತೆರೆದು ಎರಡು ಮಾತಾಡಿದ್ದೇ ತಡ, ಇಂಜಿನಿಯರು ಹಿಗ್ಗಿಹೋದ. ಬೀರೇಶನ ಮಾತು ತನ್ನ ಅಜ್ಜನ ಮಾತಿನಂತೆಯೇ ಇದೆ, ಈಗ ತಮ್ಮೂರಿನಲ್ಲೂ ಹಾಗೆ ಮಾತಾಡುವವರಿಲ್ಲ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ.

ಬೀರೇಶನಿಗೇ ಆಶ್ಚರ್ಯವಾಗುವಂತೆ, ಆ ಭಾಷೆಯಲ್ಲಿ ನಿಜ ಹೇಳುವುದು ಸಲೀಸಾಗಿತ್ತು. ಆ ಭಾಷೆಯಲ್ಲಿ ಅವನು ಹಿಂದೆಂದೂ ನಾಚಿಕೊಂಡಿರಲಿಲ್ಲ. ಕುರಿ, ಪಾದ್ರಿ, ಮಂಜುಗಣ್ಣು, ತಂಗಿಯ ಪತ್ರ ಎಲ್ಲವನ್ನೂ ಹೇಳಿಬಿಟ್ಟ. ಇಂಜಿನಿಯರು ಎದ್ದುನಿಂತು ಅವನ ಕೈ ಹಿಡಿದು ಕುಲುಕಿದ.

“ಏನಂದ್ರು, ಏನಂದ್ರು? ಮೈಕಿನಾಗ ಎಲ್ಲಾರಿಗೂ ಹೇಳ್ರಿ,” ಎಂದರು ಬಾಳಾಸಾಹೇಬರು.

ಪ್ರಮಿಳಾ ಬಾಯಿಗೆ ಎಲ್ಲ ತಿಳಿದಿತ್ತು. “ಏನರೆ ಒಂದು ಹೇಳಿ ಕುಂದರ್ರಿ ಮಾಸ್ತರ,” ಎಂದು ಪಿಸುಗುಟ್ಟಿದರು.

ಮುಂದಿನ ಸಾಲಿನಲ್ಲಿ ಗಂಗಾದೇವಿಯ ಪಕ್ಕ ಸಾತವ್ವ ಕೂತಿದ್ದಳು. ಅವಳ ಮುಂದೆ ಇನ್ನೊಂದು ಸುಳ್ಳು ಹೇಳಲು ಬೀರೇಶನಿಗೆ ನಾಲಿಗೆ ಏಳಲಿಲ್ಲ.

“ನಾ ಸ್ಪೇನಿಗೆ ಹೋಗಿಲ್ರಿ,” ಎಂದ. ಮೈಕು ಕೀರಲಿತು. “ಒಂದು ದಿನಾನೂ ಹೋಗಿಲ್ಲ. ಈ ಪಟದಾಗ ಬರದದ್ದು ಸುಳ್ಳು. ನಾ ಕುರಿ ಕಾಯಾಂವ. ನಮ್ಮ ಊರ ಪಾದ್ರಿಗೆ ಅಡಗಿ ಮಾಡಿಹಾಕಿ ಕಲತದ್ದು ಇದು. ಒಂದೂವರಿ ವರ್ಷ ನಿಮಗೆಲ್ಲಾ ಮೋಸ ಮಾಡೇನಿ. ಕ್ಷಮಾ ಮಾಡ್ರಿ.”

ಉಣ್ಣೆ ಕತ್ತರಿಸಿದ ಕುರಿಯಷ್ಟು ಹಗುರಾದ. ಆ ಹಗುರ ಒಂದು ನಿಮಿಷ ಬಾಳಿತು.

ಗಂಗಾದೇವಿ ಎದ್ದರು. ಅವರಿಗೆ ಮೈಕು ಬೇಕಿರಲಿಲ್ಲ.

“ಅಲ್ಲಪಾ ಬೀರೇಶಾ, ಹಡದಾಕಿ ಎದುರಿಗೆ ಕುಂತಾಳ. ಆಕಿ ಮುಂದ ಈ ಮಾತು ಆಡಾಕ ನಿನಗ ನಾಲಿಗಿ ಹೆಂಗ ಹೊಳ್ಳಿತು? ಮುಂಜಾನಿಂದ ನಮ್ಮ ಮನ್ಯಾಗ ಕುಂತು ಎಲ್ಲಾ ಹೇಳ್ಯಾಳ. ನಿನ್ನ ಸ್ಪೇನಿಗೆ ಕಳಸಾಕ ನಲವತ್ತು ಕುರಿ ಮಾರ್ಯಾಳ. ಲೋಂಡಾ ಟೇಸನ್ ತನಕಾ ನಡಕೊಂತ ಹೋಗಿ ಗಾಡಿ ಹತ್ತಸ್ಯಾಳ. ನೀ ಬರೂ ತನಕಾ ಆರು ವರ್ಷ ಬೆಲ್ಲ ಬಾಯಾಗ ಇಟ್ಟಿಲ್ಲ. ಈಗ ದೊಡ್ಡ ಮಾಸ್ತರ ಆಗಿ, ನಾ ಹೋಗೇ ಇಲ್ಲ ಅಂತಿ. ಹಂಗಾದ್ರ ಆ ನಲವತ್ತು ಕುರಿ ಎಲ್ಲಿ ಹೋದುವು?”

ಸಭೆಯಲ್ಲಿ ಗುಜುಗುಜು ಎದ್ದಿತು. ತಾಯಿಯ ಋಣ ಒಪ್ಪಿಕೊಳ್ಳಲು ನಾಚಿಕೆಯಂತೆ, ಪಾದ್ರಿ ಕಲಿಸಿದನೆಂದು ಕಥೆ ಕಟ್ಟುತ್ತಾನೆ ಎಂದು ಹಿಂದಿನ ಸಾಲಿನವರು ಛೀಮಾರಿ ಹಾಕಿದರು. ಬೀರೇಶನ ಕಿವಿ ಎರಕದ ಕಬ್ಬಿಣದಂತೆ ಕಾದವು.

“ಯವ್ವಾ, ಖರೇ ಹೇಳಬೇ,” ಎಂದು ಬೇಡಿಕೊಂಡ.

ಸಾತವ್ವ ಸೆರಗು ಹೊದ್ದು ಎದ್ದಳು. “ಬೈಬ್ಯಾಡ್ರಿ ಯಕ್ಕಾ. ದೊಡ್ಡ ಮಂದ್ಯಾಗ ಅದಾನ, ನಾಚಿಕಿ ಬಂದಿರಬೇಕು. ಕುರಿ ಮಾರಿದ್ದು ಮಾರಿದ್ದಾತು. ಮಗಾ ಕಲತು ಬಂದಾ, ನನಗಷ್ಟ ಸಾಕು.”

ಹೆಂಗಸರೆಲ್ಲ ಮೂಗು ಒರೆಸಿಕೊಂಡರು.

ತುಂಬಿದ ಸಭೆಯಲ್ಲಿ ಹೆತ್ತವಳನ್ನು ಸುಳ್ಳುಗಾತಿ ಎನ್ನಬೇಕು, ಇಲ್ಲವೇ ಸೋಲಬೇಕು. ಬೀರೇಶ ವೇದಿಕೆಯಿಂದಿಳಿದು ತಾಯಿಯ ಕಾಲು ಮುಟ್ಟಿದ. “ತಪ್ಪಾತಬೇ,” ಎಂದ. ಎಲ್ಲರೂ ಇನ್ನೂ ಕಾಯುತ್ತಿದ್ದರು. “ಹೋಗಿದ್ದೆ.”

ಇಷ್ಟು ದಿನ ಆ ಸುಳ್ಳು ಬಾಳಾಸಾಹೇಬರ ಕೈಬರಹದಲ್ಲಿತ್ತು. ಬೀರೇಶ ತನ್ನ ಬಾಯಿಂದ ಅದನ್ನು ಹೇಳಿದ್ದು ಇದೇ ಮೊದಲು.

ಇವನ ನಿಜಕ್ಕೆ ಜನ ಕರಗಿದರೆಂದು ತಿಳಿದ ಇಂಜಿನಿಯರು ಎದ್ದುನಿಂತು ಚಪ್ಪಾಳೆ ತಟ್ಟಿದ. ಅವನಿಗೆ ತಿಳಿಸಿ ಹೇಳುವ ಧೈರ್ಯ ಪ್ರಮಿಳಾ ಬಾಯಿಗೆ ಆಗಲಿಲ್ಲ. ಬಾಳಾಸಾಹೇಬರು ಮೈಕು ಕಸಿದುಕೊಂಡರು. ಬರುವ ಭಾನುವಾರ ಇಡೀ ಶಾಲೆ ಒಂದು ಬಸ್ಸು ಮಾಡಿಕೊಂಡು ಸಾತವ್ವನ ಊರಿಗೆ ಹೋಗುವುದು, ಊರವರ ಸಮಕ್ಷಮ ಆಕೆಗೆ ‘ಆದರ್ಶ ತಾಯಿ’ ಸನ್ಮಾನ ಮಾಡುವುದು ಎಂದು ಘೋಷಿಸಿದರು. “ಆ ಖಾಲಿ ದೊಡ್ಡಿ ಮುಂದ ತಾಯಿನ ನಿಂದರ್ಸಿ ಒಂದು ಫೋಟೋ ತಗಸೂಣು,” ಎಂದರು.

ಸಭೆ ಮುಗಿದ ಮೇಲೆ ತಾಯಿ ಮಗ ಖಾನಾಪುರದ ಬಸ್ಸಿಗೆ ಕಾಯುತ್ತ ನಿಂತರು.

“ಯಾಕಬೇ ಹಂಗ ಹೇಳಿದಿ?” ಎಂದ ಬೀರೇಶ.

“ಆ ಎದುರು ಮನಿ ಬಾಯಿ, ನಿನ್ನ ಮಗಾ ಆರು ವರ್ಷ ಸ್ಪೇನದಾಗ ಇದ್ನಲ್ಲಾ ಅಂದಳು. ಇಲ್ಲಂದಿದ್ರ ನಿನ್ನ ಮಾನ ಹೋಗತಿತ್ತು. ಹೂಂ ಅಂದೆ. ಹೆಂಗ ಕಳಿಸಿದಿ ಅಂದಳು, ಕುರಿ ಮಾರಿದೆ ಅಂದೆ. ಆಕಿ ಕೇಳಕೊಂತ ಹೋದಳು, ನಾ ಹೇಳಕೊಂತ ಹೋದೆ.”

“ನಾ ಖರೇ ಹೇಳಾಕ ನಿಂತಿದ್ನಲ್ಲಬೇ.”

“ನೀ ಖರೇ ಹೇಳಾಂವ ಅಂತ ನನಗೇನ ಗೊತ್ತೋ?” ಎಂದಳು ಸಾತವ್ವ.

ಬೀರೇಶ ತಲೆ ತಗ್ಗಿಸಿದ. ಬಸ್ಸು ಬಂತು. ಸಾತವ್ವ ಹತ್ತಿ, ಕಿಟಕಿಯ ಬದಿಗೆ ಕೂತು, ಬಸ್ಸು ಹೊರಡುವಾಗ ತಲೆ ಹೊರಗೆ ಹಾಕಿದಳು.

“ಬೀರ್ಯಾ, ಶನಿವಾರ ರಜಾ ಹಾಕಿ ಬಂದಬಿಡು. ದೊಡ್ಡ್ಯಾಗ ಕುರಿ, ಮರಿ ಹಿಡದು ಐವತ್ತೆರಡು ಅದಾವು. ಆ ಬಸ್ಸು ಬರೂದ್ರಾಗ ಅಷ್ಟೂ ಹೊಡಕೊಂಡು ಹೋಗಿ ಅಡವ್ಯಾಗ ಮುಚ್ಚಿಡಾಕ ನನ್ನೊಬ್ಬಾಕಿ ಕೈಲೆ ಆಗೂದಿಲ್ಲ.”