ಚಾಪೆಯ ಮೇಲಿನ ಬೆಲ್ಲ

ಮಕ್ಕಳ ಮನಸ್ಸನ್ನು ಅಳೆಯುವುದೇ ಕಸುಬಾದವನಿಗೆ ಸ್ವಂತ ಮಗುವನ್ನು ಊಟಕ್ಕೆ ಕೂರಿಸಲು ಬರುವುದಿಲ್ಲ. ಇದು ಮನಶ್ಶಾಸ್ತ್ರದ ಯಾವ ಗ್ರಂಥದಲ್ಲೂ ಇಲ್ಲ. ನನ್ನ ಹೆಂಡತಿ ಕಂಡುಹಿಡಿದ ಸಿದ್ಧಾಂತ. ನೆಂಟರಿಷ್ಟರ ಮುಂದೆ ಅದನ್ನು ಆಗಾಗ ಮಂಡಿಸುತ್ತಾಳೆ. ನಾನು ಮೈಸೂರಿನಿಂದ ಟ್ರಂಕಿನ ತುಂಬ ಪುಸ್ತಕ ಹೊತ್ತು, ಮಡಿಕೇರಿಯ ಇಂಗ್ಲಿಷ್ ದೊರೆಗಳ ಅಪ್ಪಣೆ ಪಡೆದು, ಬಿಟ್ಟಂಗಾಲದ ಹತ್ತಿರದ ಒಂದು ಪುಟ್ಟ ಶಾಲೆಗೆ ಬಂದಿಳಿದಾಗ, 'ಅಳಿಯಂದಿರು ಓದಿ ಓದಿ ಕೊನೆಗೆ ಒಂದನೇ ಕ್ಲಾಸಿಗೆ ಸೇರಿದರು' ಎಂದು ಮಾವನವರು ಕೊರಗಿದರಂತೆ. ನಾನು ಕಲಿಸಲು ಬಂದವನಲ್ಲ, ಮಕ್ಕಳು ಹೇಗೆ ಕಲಿಯುತ್ತಾರೆಂದು ನೋಡಲು ಬಂದವನು ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಭಯ ಹುಟ್ಟಿನಿಂದ ಬರುವುದಲ್ಲ, ಯಾರೋ ಕಲಿಸಿದ್ದು. ಬಹುಮಾನದ ಆಸೆ ತೋರಿಸಿದರೆ ಮಗು ಅದನ್ನು ಮರೆಯುತ್ತದೆ ಎಂಬುದು ನನ್ನ ವಾದ. ಸಾಧಿಸಿದರೆ ಡಾಕ್ಟರ್ ಪದವಿ, ಕಾಲೇಜಿನಲ್ಲಿ ಕೆಲಸ. ತಪ್ಪಿದರೆ ಮಾವನವರ ದಿನಸಿ ಅಂಗಡಿ. ಅಲ್ಲಿ ನನಗಾಗಿ ಒಂದು ಮಣೆಯನ್ನು ಅವರು ಖಾಲಿ ಇಟ್ಟುಕೊಂಡೇ ಕಾಯುತ್ತಿದ್ದರು.

ಭಯವನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಶಾಲೆಯ ಹಿಂದೆಯೇ ಕಾಫಿ ತೋಟ. ಹಾಡುಹಗಲಲ್ಲೂ ಕೋಣೆಯೊಳಗೆ ಮಬ್ಬು. ಮಕ್ಕಳು ಉದ್ದನೆಯ ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಆ ಸಾಲಿನಲ್ಲಿ, ಕಿಟಕಿಯ ಕೆಳಗೆ, ಒಂದು ಮಗು ಕೂರುವಷ್ಟು ಜಾಗ ಸದಾ ಖಾಲಿ. ಒಬ್ಬರ ಮೈಮೇಲೊಬ್ಬರು ಬೀಳುವಂತೆ ಒತ್ತಿಕೊಂಡು ಕೂತರೂ ಯಾರೂ ಅತ್ತ ಸರಿಯುತ್ತಿರಲಿಲ್ಲ. ಸ್ಲೇಟನ್ನು ಒಬ್ಬರಿಂದೊಬ್ಬರಿಗೆ ದಾಟಿಸುವಾಗ ಆ ಜಾಗದ ಮುಂದೆ ಅರೆಗಳಿಗೆ ಹಿಡಿದು, ಆಮೇಲೆ ಆಚೆಯವರಿಗೆ ಕೊಡುತ್ತಿದ್ದರು. ಯಾಕೆಂದು ಕೇಳಿದೆ. ಪೂವಮ್ಮ ಎಂಬ ಗುಂಡುಮುಖದ ಹುಡುಗಿ, ದಡ್ಡರಿಗೆ ಹೇಳುವ ತಾಳ್ಮೆಯಿಂದ, "ಅಲ್ಲಿ ಆಳುಂಟು ಮಾಷ್ಟ್ರೇ" ಎಂದಳು. ನನ್ನ ಮೈ ಜುಮ್ಮೆಂದಿತು. ಸಂಶೋಧನೆಗೆ ವಸ್ತು ಸಿಕ್ಕ ಸಂತೋಷಕ್ಕೆ ಎಂದುಕೊಂಡೆ.

ಮಾರನೆಯ ಬೆಳಿಗ್ಗೆಯೇ ಪ್ರಯೋಗ ಶುರು. ಬಾಳೆಲೆಯ ಚೂರಿನ ಮೇಲೆ ಒಂದು ತುಂಡು ಬೆಲ್ಲವಿಟ್ಟು, ಎಲೆಯನ್ನು ಆ ಖಾಲಿ ಜಾಗದಲ್ಲಿಟ್ಟೆ. ಅಲ್ಲಿ ಯಾರು ಕೂರುತ್ತಾರೋ ಬೆಲ್ಲ ಅವರದು ಎಂದು ಸಾರಿದೆ. ಯಾರೂ ಕೂರಲಿಲ್ಲ. ಆದರೆ ದಿನ ಕಳೆದಂತೆ ಮಕ್ಕಳು ಶಾಂತರಾದರು. ಕೂರುವ ಮೊದಲು ಆ ಕಡೆ ತಿರುಗಿ ಕೈಮುಗಿಯತೊಡಗಿದರು. ಭಯ ಇಳಿಯುತ್ತಿದೆ ಎಂದು ನಾನು ಮೈಸೂರಿನ ಗುರುಗಳಿಗೆ ಹೆಮ್ಮೆಯಿಂದ ವರದಿ ಮಾಡಿದೆ. ಒಂದೇ ಕಿರಿಕಿರಿಯೆಂದರೆ, ಆಟದ ಬಿಡುವು ಮುಗಿಯುವಷ್ಟರಲ್ಲಿ ಎಲೆ ಮಾತ್ರ ಉಳಿಯುತ್ತಿತ್ತು. ಮಕ್ಕಳ ಕೈ ಮೂಸಿ ನೋಡಿದೆ, ಬಾಯಿ ಮೂಸಿ ನೋಡಿದೆ. ಬೆಲ್ಲದ ವಾಸನೆಯಿಲ್ಲ. ನಮ್ಮ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಾದರೆ ಸಾಕು ಇರುವೆ ದಂಡೆತ್ತಿ ಬರುತ್ತದೆ. ಆ ಎಲೆಯ ಹತ್ತಿರ ಒಂದು ಇರುವೆಯೂ ಸುಳಿಯುತ್ತಿರಲಿಲ್ಲ. ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಒಂದು ದಿನ ಬಿಡುವಿನಲ್ಲಿ ಎದುರಿಗೇ ಕುಕ್ಕರಗಾಲಿನಲ್ಲಿ ಕೂತೆ. ಸೀನು ಬಂತು. ಸೀನಿ ಕಣ್ಣು ತೆರೆದರೆ ಎಲೆ ಬರಿದು. ಇತ್ತ ಮನೆಯಲ್ಲಿ, ಈ ವಯಸ್ಸಿನಲ್ಲಿ ಗಂಡ ಕದ್ದು ಬೆಲ್ಲ ತಿನ್ನುತ್ತಾನೆಂದು ಹೆಂಡತಿ ಅನುಮಾನಪಡುತ್ತಿದ್ದಳು.

ಕೊನೆಗೊಂದು ದಿನ ಅವಳು ಡಬ್ಬಿಯನ್ನು ಬಚ್ಚಿಟ್ಟಳು. ನಾನು ಬರಿಗೈಯಲ್ಲಿ ಶಾಲೆಗೆ ಹೋದೆ. ಒಂದು ಮಗುವೂ ಕೂರಲಿಲ್ಲ. ಎಲ್ಲರೂ ಗೋಡೆಗೆ ಒರಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಮೀದಿ ಇಡದೆ ಹೇಗೆ ಕೂರುದು ಮಾಷ್ಟ್ರೇ?" ಎಂದಳು ಪೂವಮ್ಮ. "ಮೊದಲು ನಮಗೂ ಸರಿ ಗೊತ್ತಿರಲಿಲ್ಲ. ನೀವು ಇಟ್ಟ ಮೇಲೆ ಗೊತ್ತಾಯ್ತು."

ಕೊಡವರ ಮನೆಗಳಲ್ಲಿ ಸತ್ತ ಹಿರಿಯರಿಗೆಂದು ಎಲೆಯ ಮೇಲೆ ಎತ್ತಿಡುವ ಎಡೆಗೆ ಮೀದಿ ಎನ್ನುತ್ತಾರೆ. ಮೈಸೂರಿನಿಂದ ಬಂದ ಇಷ್ಟು ಓದಿದ ಮೇಷ್ಟರೇ ದಿನಾ ತಪ್ಪದೆ ಎಡೆ ಇಡುತ್ತಿರುವಾಗ ಇನ್ನೆಲ್ಲಿಯ ಅನುಮಾನ? ಇರುವೆ ಬಿಡಿಸಲು ಹೋಗಿ ಜೇನುಗೂಡಿಗೆ ಕೈ ಹಾಕಿದಂತಾಯಿತು ನನ್ನ ಸಂಶೋಧನೆ.

ಒಂದೇ ಆಸೆ ಉಳಿದಿತ್ತು. ನನ್ನ ಮಗಳು ಕಮಲಿ ಅದೇ ತಾನೇ ಮೈಸೂರಿನ ಅಜ್ಜಿ ಮನೆಯಿಂದ ಬಂದಿದ್ದಳು; ನಾಲ್ಕು ವರ್ಷದ ಮಗು, ಈ ಜಾಗದ ಸುದ್ದಿ ಯಾರೂ ಅವಳಿಗೆ ಹೇಳಿರಲಿಲ್ಲ. ಕಲಿಸದ ಮಗು ಹೆದರದೆ ಅಲ್ಲಿ ಕೂತುಬಿಟ್ಟರೆ ನನ್ನ ವಾದ ಗೆದ್ದಂತೆ. ಉಳಿದ ಮಕ್ಕಳು ಬರುವ ಮೊದಲೇ ಅವಳನ್ನು ಕರೆದೊಯ್ದು, ಎಲ್ಲಿ ಬೇಕಾದರೂ ಕೂರು ಎಂದೆ. ನೆಟ್ಟಗೆ ಕಿಟಕಿಯ ಕಡೆಗೇ ಓಡಿದಳು. ನನ್ನ ಜೀವ ಹಗುರಾಯಿತು. ಅಲ್ಲಿ ತಟ್ಟನೆ ನಿಂತು, ತುಂಬಿದ ಬಸ್ಸಿನಲ್ಲಿ ಸರಿಯುವಂತೆ ಸ್ವಲ್ಪ ಪಕ್ಕಕ್ಕೆ ಸರಿದು ಕೂತಳು. ಯಾರ ಮಾತನ್ನೋ ಕೇಳುವವಳಂತೆ ಕತ್ತು ವಾಲಿಸಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಅದೆಲ್ಲ ನನಗೇ ಬಂದಿತ್ತು.

"ಅಪ್ಪಾ, ಇವಳಿಗೆ ಬೆಲ್ಲ ಸಾಕಂತೆ. ಇನ್ನು ದಿನಾ ನೀನೇ ಪಕ್ಕ ಕೂರಬೇಕಂತೆ."

ಪ್ರಬಂಧ ಬರೆದು ಮುಗಿಸಲಾಗಲಿಲ್ಲ. ಮಾವನವರ ಬಾಯಿಹರಕೆಯಂತೆ ಒಂದನೇ ಕ್ಲಾಸಿನಲ್ಲೇ ಇದ್ದೇನೆ, ಕುರ್ಚಿ ಬಿಟ್ಟು ಕಿಟಕಿಯ ಹತ್ತಿರ ಚಾಪೆಯ ಮೇಲೆ. ಮೊನ್ನೆ ತನಿಖೆಗೆ ಬಂದ ಸಾಹೇಬರು ನನ್ನ ಎಡಗಡೆ ಕೂರಲು ಬಗ್ಗಿದರು. ದಡ್ಡರಿಗೆ ಹೇಳುವ ತಾಳ್ಮೆಯಿಂದ ಅವರನ್ನು ಬಲಗಡೆಗೆ ಕಳಿಸಿದೆ. ಇನ್ನಾದರೂ ಅಂಗಡಿಗೆ ಬನ್ನಿ, ಮಣೆ ಇನ್ನೂ ಖಾಲಿಯಿದೆ ಎಂದು ಮಾವನವರು ಹೇಳಿ ಕಳಿಸುತ್ತಲೇ ಇದ್ದಾರೆ. ಹೋಗಬಾರದೆಂದಿಲ್ಲ. ಆದರೆ ಅಲ್ಲಿರುವುದು ಒಂದೇ ಮಣೆ, ನಾವು ಇಬ್ಬರಿದ್ದೇವೆ.